ಕೊನೆಯ ಹಾಡಿಗೆ ಮೊದಲೇ ಎದ್ದವಳು

ಒಂದು ಕಡೆ ಸುಮ್ಮನೆ ಕೂತುಕೊಳ್ಳುವುದು ನನಗೆ ಯಾವಾಗಿನಿಂದ ಆಗದೇ ಹೋಯಿತು ಎಂದು ಖಚಿತವಾಗಿ ಹೇಳಲಾರೆ. ನೇಸರಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ಬೈಲಹೊಂಗಲದಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಅದೇ ತ್ರಿಕೋನ, ಅದೇ ವೃತ್ತ. ಇಷ್ಟು ವರ್ಷ ಇದರಲ್ಲಿ ಬೇಸರ ಅನಿಸಿರಲಿಲ್ಲ. ನಲವತ್ತೈದು ದಾಟಿದ ಮೇಲೆ ಕಾಲುಗಳಿಗೆ ಏನೋ ಆಯಿತು. ಚಹಾ ಸೋಸಿಕೊಂಡು ಕಪ್ಪು ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ಅಡ್ಡಾಡತೊಡಗಿದೆ. ಟಿವಿ ಮುಂದೆ ಕೂತರೆ ಎದ್ದು ಹೋಗಿ ಕಿಟಕಿ ಮುಚ್ಚಿ ಬರುತ್ತಿದ್ದೆ, ಮತ್ತೆ ಎದ್ದು ತೆಗೆದು ಬರುತ್ತಿದ್ದೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಎಲ್ಲ ಸರಿಯಿದೆ ಎಂದು ಶಕ್ತಿಗೆ ಗುಳಿಗೆ ಬರೆದುಕೊಟ್ಟರು. ಗುಳಿಗೆ ಮುಗಿದವು, ಕಾಲು ನಿಲ್ಲಲಿಲ್ಲ.

ನನ್ನ ಗಂಡ ಬೈಲಹೊಂಗಲದ ಕೋರ್ಟಿನಲ್ಲಿ ವಕೀಲರು. ಅವರ ತಂಗಿ, ಅಂದರೆ ನನ್ನ ನಾದಿನಿ, ಊರಿನ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಅತ್ತೆಯ ಹಾಗೆ ಅವಳೂ ನಮ್ಮ ಜೊತೆಗೇ ಇರುತ್ತಾಳೆ. ಮದುವೆ ಬೇಡವೆಂದು ಬಹಳ ಹಿಂದೆಯೇ ಹೇಳಿ ಆ ಮಾತನ್ನು ಮುಗಿಸಿದವಳು. ಮಾತು ಖಡಕ್ಕು, ಮನಸ್ಸು ಮೆತ್ತಗೆ. ಒಂದು ದಿನ ಆಫೀಸಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಅಂದಳು:

"ವೈನಿ, ಇವತ್ತ ಸಂಜಿಕೆ ನಮ್ಮ ಕಾಲೇಜಿನ್ಯಾಗ ಗ್ಯಾದರಿಂಗ್ ಅದ. ಹುಡುಗ್ರು ಹುಬ್ಬಳ್ಳಿಯಿಂದ ಯಾವುದೋ ಬ್ಯಾಂಡ್ ಕರಸ್ಯಾರ. ಬರ್ರಿ ನೀವೂ. ನಿಮ್ಮ ಅಡ್ಡಾಟ ನೋಡಿ ನೋಡಿ ನನಗ ತಲಿ ತಿರುಗ್ಲಿಕ್ಕತ್ತದ."

ಬ್ಯಾಂಡ್ ಅಂದರೆ ನನ್ನ ತಲೆಯಲ್ಲಿದ್ದದ್ದು ಮದುವೆ ಮೆರವಣಿಗೆಯದು. ಇಲ್ಲದಿದ್ದರೆ ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾ. ಆದರೂ ಹೋದೆ. ಮನೆಯಲ್ಲಿ ಅಡ್ಡಾಡುವ ಬದಲು ಅಲ್ಲಿ ಅಡ್ಡಾಡಿದರಾಯಿತು ಎಂದುಕೊಂಡು.

ವೇದಿಕೆಯ ಮೇಲೆ ಬಂದವರು ಮೂರೇ ಜನ. ಮೂವತ್ತರ ಆಸುಪಾಸಿನ ಒಬ್ಬಾಕೆ, ಇಳಕಲ್ ಸೀರೆ, ಕಾಲಲ್ಲಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಗಿಟಾರು. ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೂತು ಅದನ್ನೇ ಕೈಯಿಂದ ಬಡಿಯುವ ಒಬ್ಬ. ಇನ್ನೊಬ್ಬ ಎತ್ತರದವನು, ದಪ್ಪ ತಂತಿಯ ಗಿಟಾರು ಹಿಡಿದು ತಲೆಯನ್ನೇ ಎತ್ತದವನು. ಹುಡುಗರು ಸಿಳ್ಳೆ ಹೊಡೆದರು. ಆಕೆ ನಮಸ್ಕಾರ ಎಂದವಳೇ ಶುರು ಮಾಡಿದಳು.

ಹಾಡು ನಮ್ಮ ಮಾತಿನಲ್ಲೇ ಇತ್ತು. ನಮ್ಮ ಹಿತ್ತಲಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಆಡುವ ಮಾತು. ಫ್ರಿಜ್ಜಿನ ಬಾಗಿಲು ತೆರೆದು, ಯಾತಕ್ಕೆ ತೆರೆದೆ ಎನ್ನುವುದನ್ನು ಮರೆತು ತಣ್ಣಗಿನ ಬೆಳಕಿನ ಮುಂದೆ ನಿಂತ ಹೆಂಗಸಿನ ಬಗ್ಗೆ. ಅಷ್ಟೇ ಹಾಡು. ಆಕೆ ನಿಂತೇ ಇದ್ದಾಳೆ, ಫ್ರಿಜ್ಜು ಗುಂಯ್ ಅನ್ನುತ್ತದೆ, ಒಳಗಿನಿಂದ ಯಾರೋ ಬಾಗಿಲು ಮುಚ್ಚು ಎಂದು ಕೂಗುತ್ತಾರೆ. ನನಗೆ ಮೈ ಜುಂ ಎಂದಿತು. ಆ ಮುಂಜಾನೆಯಷ್ಟೇ ನಾನು ಹಾಗೆ ನಿಂತಿದ್ದೆ. ಕರಿಬೇವಿಗೋ ಮೊಸರಿಗೋ ಈಗಲೂ ನೆನಪಿಲ್ಲ.

ಹುಡುಗರಿಗೆ ಸೇರಲಿಲ್ಲ. ಎರಡನೆಯ ಹಾಡಿಗೆ ಹಿಂದಿನಿಂದ "ಸಿನಿಮಾ ಹಾಡು ಹಾಡ್ರೀ!" ಎಂದು ಕೂಗಿದರು. ಮೂರನೆಯದಕ್ಕೆ ಕುರ್ಚಿಗಳು ಸರಿದಾಡತೊಡಗಿದವು. ಆಕೆ ಗಿಟಾರಿನ ತಂತಿಯ ಮೇಲೆ ಅಂಗೈಯಿಟ್ಟು ಸದ್ದು ನಿಲ್ಲಿಸಿದಳು.

"ಬ್ಯಾರೆಯವ್ರ ಹಾಡು ನಮಗ ಬರಂಗಿಲ್ರಿ. ಬ್ಯಾಸರಾದವ್ರು ಆರಾಮ ಎದ್ದು ಹೋಗ್ರಿ, ನಮಗೇನೂ ಸಿಟ್ಟಿಲ್ಲ. ಇದ್ದವ್ರಿಗೆ ನಾವು ಹಾಡ್ತೇವಿ."

ಹೇಳಿದ್ದರಲ್ಲಿ ಸಿಟ್ಟಿರಲಿಲ್ಲ, ಸೊಕ್ಕೂ ಇರಲಿಲ್ಲ. ಅರ್ಧ ಮಂದಿ ಎದ್ದು ಹೋದರು. ಉಳಿದ ಅರ್ಧದಲ್ಲಿ ಅರ್ಧ ಮಂದಿ ಮೊಬೈಲು ನೋಡುತ್ತಿದ್ದರು. ನಾನು ಮುಂದಿನ ಸಾಲಿಗೆ ಹೋಗಿ ಕೂತೆ. ಕೂತೆ ಅನ್ನುವುದು ಸುಳ್ಳು. ಕುರ್ಚಿಯ ತುದಿಯಲ್ಲಿ ಊರಿಕೊಂಡಿದ್ದೆ, ಕೈ ತಾನಾಗಿ ಪರ್ಸಿನ ಮೇಲೆ ತಾಳ ಹಾಕುತ್ತಿತ್ತು, ಹಿಮ್ಮಡಿ ಏಳುತ್ತಿತ್ತು, ಇಳಿಯುತ್ತಿತ್ತು. ತಿಂಗಳುಗಟ್ಟಲೆ ನನ್ನ ಕಾಲೊಳಗೆ ಇದ್ದದ್ದು ಹೊರಗೆ ಯಾರದೋ ಕೈಯಲ್ಲಿ ಬಡಿದುಕೊಳ್ಳುವುದನ್ನು ಕೇಳಿದ ಹಾಗಿತ್ತು.

ಆಕೆ "ಇನ್ನ ಕಡೀ ಹಾಡು ರೀ" ಎಂದಳು. "ಇದೊಂದನ್ನ ಯಾರೂ ರೆಕಾರ್ಡ್ ಮಾಡಬ್ಯಾಡ್ರಿ. ಇದು ಇಲ್ಲಿಗಷ್ಟ."

ಅಷ್ಟರಲ್ಲಿ ನಾದಿನಿ ಬಂದು ನನ್ನ ತೋಳು ಹಿಡಿದಳು. "ಏಳ್ರಿ ವೈನಿ. ಅವ್ವಗ ಊಟಾ ಆಗಿ ಗುಳಿಗಿ ಆಗಬೇಕು. ಅಣ್ಣಾ ಇನ್ನೂ ಆಫೀಸಿನ್ಯಾಗ ಇದ್ದಾನ."

ಎದ್ದೆ. ಗೇಟು ದಾಟಿ ಸ್ಕೂಟರಿನ ಹತ್ತಿರ ಬಂದಾಗ ಕಂಪೌಂಡಿನ ಆಚೆಯಿಂದ ಹಾಡು ಬರುತ್ತಿತ್ತು. ಶಬ್ದಗಳು ಕಲಸಿಹೋಗಿದ್ದವು. ಒಂದು ಮಾತು ಮಾತ್ರ ಮತ್ತೆ ಮತ್ತೆ ತಿರುಗಿ ಬರುತ್ತಿತ್ತು: "ಇನ್ನೂ ಐತಿ... ಒಳಗ ಇನ್ನೂ ಐತಿ..." ಏನು ಇದೆ, ಯಾವುದರ ಒಳಗೆ, ತಿಳಿಯಲಿಲ್ಲ. ನಾದಿನಿ ಸ್ಕೂಟರು ಚಾಲೂ ಮಾಡಿದಳು.

ಮರುದಿನದಿಂದ ನೇಸರಗಿಯ ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಅವರ ಹಾಡು ಕೇಳತೊಡಗಿದೆ. ಫೋನಿನಲ್ಲಿ ಏಳೆಂಟು ಹಾಡುಗಳಿದ್ದವು. ಎಲ್ಲ ಸ್ವಚ್ಛವಾಗಿ, ಇಸ್ತ್ರಿ ಮಾಡಿದ ಹಾಗೆ. ಕಾಲೇಜಿನ ಬಯಲಿನಲ್ಲಿ ಪೆಟ್ಟಿಗೆಯ ಮೇಲೆ ಬಿದ್ದ ಪೆಟ್ಟು ಇಲ್ಲಿ ಬೀಳುತ್ತಲೇ ಇರಲಿಲ್ಲ. ಫ್ರಿಜ್ಜಿನ ಹಾಡಿನಲ್ಲಿ ಆಕೆ ಅಂದು ಉಸಿರು ಸಾಲದೆ ನಡುವೆ ನುಂಗಿಕೊಂಡ ಶಬ್ದ ಇಲ್ಲಿ ಪೂರ್ತಿ ಇತ್ತು. ಪೂರ್ತಿ ಇದ್ದದ್ದೇ ನನಗೆ ಕಡಿಮೆ ಅನಿಸಿತು. ಕೊನೆಯ ಹಾಡು ಎಲ್ಲಿಯೂ ಇರಲಿಲ್ಲ. ಅದನ್ನು ಹಾಕಿರೆಂದು ಕೆಳಗೆ ಬಹಳ ಜನ ಬರೆದಿದ್ದರು. ಅವರು ಹಾಕಿರಲಿಲ್ಲ.

ಹಾಗಾಗಿ ಆ ಹಾಡನ್ನು ನಾನೇ ಕಟ್ಟಿಕೊಂಡೆ. ಬೋರ್ಡಿನ ಮೇಲೆ ಪ್ರಮೇಯ ಬಿಡಿಸುವಾಗ, ಚಪಾತಿ ಲಟ್ಟಿಸುವಾಗ. ಒಳಗೆ ಇನ್ನೂ ಇರುವುದು ದುಃಖವಿರಬೇಕು, ಇಲ್ಲವೇ ಬೆಂಕಿ. ಸತ್ತವರ ಹಾಡಿರಬೇಕು, ಇಲ್ಲವೇ ಊರು ಬಿಟ್ಟವರದು. ದಿನ ಹೋದ ಹಾಗೆ ಅದು ನನ್ನ ತಲೆಯಲ್ಲಿ ದೊಡ್ಡದಾಗುತ್ತ ಹೋಯಿತು.

ಮಳೆಗಾಲದ ಶುರುವಿನಲ್ಲಿ ಅವರು ಕಿತ್ತೂರಿಗೆ ಬರುವ ಸುದ್ದಿ ಫೋನಿನಲ್ಲಿ ಕಂಡಿತು. ಶನಿವಾರ ಸಂಜೆ, ಊರ ಹೊರಗಿನ ಒಂದು ಶಾಲೆಯ ಬಯಲಿನಲ್ಲಿ. ಶನಿವಾರ ನಮಗೆ ಅರ್ಧ ದಿನ. ನಾದಿನಿಗೆ ಪರೀಕ್ಷೆಯ ಕೆಲಸವಿತ್ತು. ಒಬ್ಬಳೇ ಹೋಗುತ್ತೇನೆಂದೆ.

"ಹಾಡು ಕೇಳ್ಲಿಕ್ಕೆ ಕಿತ್ತೂರಿಗೆ?" ಎಂದು ಗಂಡ ಕನ್ನಡಕದ ಮೇಲಿನಿಂದ ನೋಡಿದರು. "ಹೋಗಿ ಬಾ. ಆದ್ರ ಕಡೀ ಬಸ್ ತಪ್ಪಿಸ್ಕೋಬ್ಯಾಡ. ನನಗ ನಾಳಿ ಮುಂಜಾನೆ ಕಕ್ಷಿದಾರ್ರು ಬರವ್ರಿದ್ದಾರ, ಕಾರ್ ತೊಗೊಂಡು ಬರ್ಲಿಕ್ಕೆ ಆಗೂದಿಲ್ಲ."

ಬಯಲಿನಲ್ಲಿ ಜಮಖಾನೆ ಹಾಸಿದ್ದರು. ಬಂದವರು ಹೆಚ್ಚಿಲ್ಲ, ಆದರೆ ಬಂದವರೆಲ್ಲ ಇವರಿಗಾಗಿಯೇ ಬಂದವರು. ಧಾರವಾಡದಿಂದ, ಬೆಳಗಾವಿಯಿಂದ ಬೈಕಿನ ಮೇಲೆ ಬಂದಿದ್ದ ಹುಡುಗ ಹುಡುಗಿಯರು. ನನ್ನ ವಯಸ್ಸಿನವಳು ನಾನೊಬ್ಬಳೇ. ಒಬ್ಬ ಹುಡುಗಿ ತಿರುಗಿ ನೋಡಿ ಬಾಯಿ ಬಿಟ್ಟಳು. ನನ್ನ ಹಳೆಯ ವಿದ್ಯಾರ್ಥಿನಿ.

"ಬಾಯಾರ! ನೀವಿಲ್ಲಿ?"

"ಯಾಕ, ಬರಬಾರದೇನು?"

"ಹಂಗಲ್ರಿ. ಗಣಿತದ ಬಾಯಾರು ಹಾಡು ಕೇಳ್ತಾರಂತ ಗೊತ್ತಿದ್ದಿಲ್ಲ." ಹೇಳಿ ಅವಳೇ ನಾಚಿಕೊಂಡು ತನ್ನ ಗೆಳತಿಯರ ನಡುವೆ ಜಾಗ ಮಾಡಿಕೊಟ್ಟಳು. ನಾನು ಕೂರಲಿಲ್ಲ. ಬೇಗ ಎದ್ದು ಹೋಗಬೇಕಾದವಳು ನಡುವೆ ಕೂರಬಾರದೆಂದು ಜಮಖಾನೆಯ ಅಂಚಿನಲ್ಲಿ, ಬೇವಿನ ಗಿಡದ ಹತ್ತಿರ ನಿಂತೆ.

ಆ ಸಂಜೆಯ ಹಾಡುಗಾರಿಕೆಯ ಬಗ್ಗೆ ಹೇಗೆ ಹೇಳಲಿ. ಹೆದ್ದಾರಿಯ ಲಾರಿಗಳ ಸದ್ದು ದೂರದಲ್ಲಿ ಇದ್ದೇ ಇತ್ತು. ಮೋಡ ಕವಿದಿತ್ತು, ಹನಿಯಲಿಲ್ಲ. ಪೆಟ್ಟಿಗೆ ಬಡಿಯುವವನು ಅಂದು ಏನೋ ಹುಕಿಯಲ್ಲಿದ್ದ. ಹಾಡು ಮುಗಿದರೂ ಅವನ ಕೈ ಮುಗಿಯುತ್ತಿರಲಿಲ್ಲ. ತಲೆಯೆತ್ತದವನು ಒಂದು ಹಾಡಿನ ನಡುವೆ ಒಬ್ಬನೇ ನುಡಿಸತೊಡಗಿದ. ಆ ದಪ್ಪ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಬಂತು, ಚಪ್ಪಲಿಯೊಳಗಿಂದ. ಆಕೆ ಕಣ್ಣು ಮುಚ್ಚಿಕೊಂಡು ಕೇಳುತ್ತ ನಿಂತಿದ್ದಳು, ತಾನೂ ಕೇಳಲು ಬಂದವಳೇ ಎಂಬಂತೆ. ನಾನು ಬೇವಿನ ಗಿಡಕ್ಕೆ ಒರಗಿದೆ, ಬಿಟ್ಟೆ, ಗಡಿಯಾರ ನೋಡಿದೆ, ಎರಡು ಹೆಜ್ಜೆ ಮುಂದೆ ಹೋದೆ, ಮತ್ತೆ ಗಡಿಯಾರ. ಸುಖಪಡುತ್ತಿದ್ದೆನೋ ಒದ್ದಾಡುತ್ತಿದ್ದೆನೋ ನನಗೇ ಬೇರೆ ಮಾಡಲಾಗಲಿಲ್ಲ.

"ಇನ್ನ ಕಡೀ ಹಾಡು ರೀ..."

ನಾನು ಓಡಿದೆ. ನಿಜವಾಗಿಯೂ ಓಡಿದೆ, ಸೀರೆಯ ನೆರಿಗೆ ಎತ್ತಿ ಹಿಡಿದು. ಬೆನ್ನ ಹಿಂದೆ ಹಾಡು ಶುರುವಾಯಿತು, ನಡುವೆ ತಡವರಿಸಿ ನಿಂತ ಹಾಗಾಯಿತು, ಮತ್ತೆ ಎದ್ದಿತು. ಬಸ್ಸಿನ ಜಾಗಕ್ಕೆ ಬಂದರೆ ಬಸ್ಸು ಇಲ್ಲ. ಚಹಾದಂಗಡಿಯವನು ಅಂದ, "ಇನ್ನೂ ಬಂದಿಲ್ರಿ ಅಕ್ಕಾರ. ಬರೂ ಹೊತ್ತಾಗೇತಿ, ಈಗ ಬರ್ತೈತಿ ನೋಡ್ರಿ."

ಅದು ಬರಲಿಲ್ಲ. ಬರಲಿಲ್ಲ ಅಂದರೆ ಬಹಳ ಹೊತ್ತು ಬರಲಿಲ್ಲ. ವಾಪಸು ಹೋದರೆ ಹಾಡು ಸಿಗುತ್ತಿತ್ತು, ಆದರೆ ಹೋದ ಕೂಡಲೇ ಬಸ್ಸು ಬರುತ್ತದೆ ಎನ್ನುವುದೂ ಗೊತ್ತಿತ್ತು. ನಾಲ್ಕು ಹೆಜ್ಜೆ ಹೋಗುವುದು, ತಿರುಗಿ ಬರುವುದು. ಗಾಳಿ ಈ ಕಡೆ ತಿರುಗಿದಾಗ ಒಂದು ತುಣುಕು ಧ್ವನಿ, ಲಾರಿ ಹೋದರೆ ಅದೂ ಇಲ್ಲ. ಕೊನೆಗೆ ಚಪ್ಪಾಳೆ ಮಾತ್ರ ಸರಿಯಾಗಿ ಕೇಳಿತು. ಅದಾದ ಮೇಲೂ ಬಸ್ಸು ತನ್ನ ಪುರುಸೊತ್ತಿನಲ್ಲಿ ಬಂತು. ಅದಕ್ಕೆ ಮೊದಲೇ ಬೈಕಿನ ಹುಡುಗರು ನನ್ನನ್ನು ದಾಟಿಕೊಂಡು ಹೋದರು, ಹಿಂದೆ ಕೂತವಳು ಆ ಹಾಡನ್ನೇ ಗುನುಗುತ್ತಿದ್ದಳೋ ಏನೋ. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳುವ ಹಾಗಿರಲಿಲ್ಲ.

ಮನೆಗೆ ಬಂದವಳು ಇದನ್ನೆಲ್ಲ ಹೇಳಿದೆ. ಗಂಡ ನಗಲಿಲ್ಲ. "ಮುಂದಿನ ಸಲ ಕಾರಿನ್ಯಾಗ ಹೋಗೋಣ, ನಾನೂ ಬರ್ತೀನಿ" ಎಂದರು. ಅವರಿಗೆ ಹಾಡಿನ ಹುಚ್ಚಿಲ್ಲ. ನನಗೆ ಏನಾಗಿದೆ ಎಂದು ನೋಡಬೇಕಿತ್ತು, ಅಷ್ಟೇ.

ಆ ಮುಂದಿನ ಸಲ ಬಂದದ್ದು ಸವದತ್ತಿಯ ಕಡೆ. ನವಿಲುತೀರ್ಥದ ಆಣೆಕಟ್ಟಿಗೆ ಸಮೀಪ ಯಾರೋ ಒಬ್ಬರು ತಮ್ಮ ತೋಟದ ಬಯಲು ಕೊಟ್ಟಿದ್ದರು. ಭಾನುವಾರ. ಜಲಾಶಯ ತುಂಬಿತ್ತು. ಹೋಗುವಾಗ ನಾನು ದಾರಿಯುದ್ದಕ್ಕೂ ಮಾತಾಡಿದೆ. ಆಕೆ ಹೀಗೆ ನಿಲ್ಲುತ್ತಾಳೆ, ಅವನು ಹೀಗೆ ಬಡಿಯುತ್ತಾನೆ, ನೋಡ್ರಿ, ನೀವೇ ನೋಡ್ರಿ. ಮಗಳ ಗಂಡನ ಮನೆಗೆ ನೆಂಟರನ್ನು ಕರೆದುಕೊಂಡು ಹೋಗುವವಳ ಉಮೇದಿಯಿತ್ತು ನನಗೆ.

ಅಂದು ಎಲ್ಲ ಕೆಟ್ಟಿತು. ನೀರಿನ ಮೇಲಿಂದ ಗಾಳಿ ಎದ್ದು ಬಂದು ಮೈಕಿನೊಳಗೆ ಬುಸುಗುಟ್ಟಿತು. ಮೈಕಿನ ಕಂಬ ಒಮ್ಮೆ ಬಿದ್ದೇಬಿಟ್ಟಿತು. ಆಕೆಯ ಗಂಟಲು ಕಟ್ಟಿತ್ತು. ಫ್ರಿಜ್ಜಿನ ಹಾಡಿನ ಎರಡನೆಯ ನುಡಿ ಮರೆತಳು, ಮೊದಲನೆಯದನ್ನೇ ಎರಡು ಸಲ ಹಾಡಿದಳು. ಪೆಟ್ಟಿಗೆಯವನು ಬೇಕೆಂತಲೇ ಜೋರಾಗಿ ಬಡಿಯುತ್ತಿದ್ದ. ಆಕೆ ತಿರುಗಿ ಏನೋ ಅಂದಳು, ಅವನು ಏನೋ ಅಂದ, ಮೈಕಿನಲ್ಲಿ ಅದು ಅರ್ಧಂಬರ್ಧ ಎಲ್ಲರಿಗೂ ಕೇಳಿತು. ತಲೆಯೆತ್ತದವನು ತಲೆ ಇನ್ನಷ್ಟು ತಗ್ಗಿಸಿದ.

ನನಗೆ ಆದ ನಾಚಿಕೆ ಹೇಳತೀರದು. ನಾನೇ ಹಾಡು ಮರೆತವಳ ಹಾಗೆ ಬೆವರಿದೆ. ನಮ್ಮ ಮನೆಯ ಕೂಸು ಮಂದಿಯ ಮುಂದೆ ಶ್ಲೋಕ ತಪ್ಪಿದಾಗ ಆಗುವಂಥದ್ದು. ಪಕ್ಕದಲ್ಲಿ ಗಂಡ ಕೈಕಟ್ಟಿ ಕೂತಿದ್ದರು, ಸಾಕ್ಷಿಯ ಮಾತು ಕೇಳುವವರ ಹಾಗೆ. ಬಹಳ ಹೊತ್ತಿನ ಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು.

"ಇವರೇ ಏನು?"

ಅಷ್ಟೇ ಕೇಳಿದ್ದು. ಅದರಲ್ಲಿ ಕುಹಕವಿರಲಿಲ್ಲ. ಆದರೂ ಚುಚ್ಚಿತು. ಆಕೆ ನೀರು ಕುಡಿದು, ಗಂಟಲು ಸರಿಮಾಡಿಕೊಂಡು, "ಕಡೀ ಹಾಡು..." ಎನ್ನುತ್ತಿದ್ದಂತೆ ನಾನು ಎದ್ದೆ. ಆ ಹಾಡು ಈ ಗಾಳಿಯಲ್ಲಿ, ಈ ಗಂಟಲಿನಲ್ಲಿ, ಗಂಡನ ಪಕ್ಕದಲ್ಲಿ ಕೂತು ಕೇಳುವುದು ನನ್ನಿಂದಾಗಲಿಲ್ಲ. ಕಾರಿನ ತನಕ ತಿರುಗಿ ನೋಡಲಿಲ್ಲ.

ಮುನವಳ್ಳಿ ದಾಟಿದ ಮೇಲೆ ಅವರೇ ಶುರು ಮಾಡಿದರು.

"ನಾ ಜಗಳಕ್ಕ ಕೇಳ್ಲಿಕ್ಕತ್ತಿಲ್ಲ. ಖರೇನ ಕೇಳ್ತೀನಿ. ಇದರಾಗ ಅಂಥಾದ್ದೇನದ?"

"ಇವತ್ತ ಚಲೋ ಆಗ್ಲಿಲ್ಲ."

"ಅದು ನನಗೂ ತಿಳೀತು. ಚಲೋ ಆದ ದಿನ ನಿನಗ ಏನಾಗ್ತದ?"

ಯೋಚಿಸಿದೆ. "ಒಳಗ ಯಾರೋ ಸಾಮಾನು ಸರಿಸ್ಲಿಕ್ಕತ್ತಾರ ಅನಸ್ತದ. ಇದ್ದಲ್ಲಿಂದ ಎಲ್ಲಾ ತಗದು ಬ್ಯಾರೆ ಕಡೆ ಇಟ್ಟಂಗ."

"ಆಮ್ಯಾಲೆ ಆರಾಮ ಅನಸ್ತದೇನು?"

"ಇಲ್ಲ. ಚಡಪಡಿಕಿ ಇನ್ನೂ ಹೆಚ್ಚಾಗ್ತದ."

"ಹಂಗಾದ್ರ ಯಾಕ ಹೋಗಬೇಕು?"

"ಮನ್ಯಾಗ ಕೂತು ಚಡಪಡಿಸೂದಕ್ಕಿಂತ ಅದು ಬ್ಯಾರೆ ಅದ."

ಅವರು ಒಂದು ಕ್ರಾಸಿನಲ್ಲಿ ಕಾರು ನಿಲ್ಲಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದರು. ಬಿಸಿ ಭಜಿಯ ಕಾಗದ ನನ್ನ ಮಡಿಲಲ್ಲಿಟ್ಟು, ಸ್ಟೇರಿಂಗಿನ ಮೇಲೆ ಕೈಯಿಟ್ಟು ಅಂದರು, "ಮುಂದಿನ ಸಲ ನಾ ಬರೂದಿಲ್ಲ. ಆದ್ರ ನೀ ಬಿಡಬ್ಯಾಡ." ಮದುವೆಯಾದಾಗಿನಿಂದ ಅವರು ನನಗೆ ಆಡಿದ ಒಳ್ಳೆಯ ಮಾತುಗಳಲ್ಲಿ ಅದನ್ನೂ ಸೇರಿಸಿದ್ದೇನೆ.

ದೀಪಾವಳಿ ಮುಗಿದು ಥಂಡಿ ಶುರುವಾದ ಮೇಲೆ ಫೋನಿನಲ್ಲಿ ಮತ್ತೆ ಸುದ್ದಿ ಬಂತು. ರಾಮದುರ್ಗದಲ್ಲಿ, ಮಗ್ಗಗಳನ್ನು ತೆಗೆದು ಖಾಲಿಯಾಗಿದ್ದ ಒಂದು ಶೆಡ್ಡಿನಲ್ಲಿ. ಸಂಜೆ ಆ ಓಣಿಯಲ್ಲಿ ಕರೆಂಟಿನ ಖಾತ್ರಿಯಿಲ್ಲ, ಅದಕ್ಕೇ ಮಧ್ಯಾಹ್ನವೇ ಶುರು. ಕೆಳಗೆ ಸಣ್ಣದಾಗಿ ಇನ್ನೊಂದು ಸಾಲಿತ್ತು. "ಇದರ ನಂತರ ನಾವು ಮೂವರೂ ಸ್ವಲ್ಪ ಕಾಲ ಬೇರೆ ಬೇರೆ."

"ಮಧ್ಯಾಹ್ನ!" ಎಂದು ನಾದಿನಿಗೆ ತೋರಿಸಿದೆ. "ಮುಗಿದ ಮ್ಯಾಲೂ ಬಸ್ ಇರ್ತಾವ."

"ನಾನೂ ಬರ್ತೀನಿ" ಎಂದಳು. "ನೀವು ಒಬ್ಬರೇ ಹೋದ್ರ ಅಲ್ಲೂ ಏನರೆ ನೆವ ಹುಡುಕಿ ಓಡಿ ಬರ್ತೀರಿ."

ನನ್ನ ಅವಸರಕ್ಕೆ ಬೆಳಗಿನ ಬಸ್ಸನ್ನೇ ಹಿಡಿದೆವು. ಯರಗಟ್ಟಿಯಲ್ಲಿ ಇಳಿದು ಇನ್ನೊಂದು ಬಸ್ಸು. ರಾಮದುರ್ಗ ಮುಟ್ಟಿದಾಗ ಇನ್ನೂ ಊಟದ ಹೊತ್ತೂ ಆಗಿರಲಿಲ್ಲ. ಶೆಡ್ಡು ಇದ್ದ ಓಣಿಯಲ್ಲಿ ಅಕ್ಕಪಕ್ಕದ ಮನೆಗಳಿಂದ ಮಗ್ಗದ ಖಟಖಟ ಸದ್ದು. ಶೆಡ್ಡಿನ ಮೆಟ್ಟಿಲ ಮೇಲೆ ಆಕೆ ಒಬ್ಬಳೇ ಕೂತು ಶೇಂಗಾ ಸುಲಿದು ತಿನ್ನುತ್ತಿದ್ದಳು. ಅದೇ ಕ್ಯಾನ್ವಾಸ್ ಬೂಟು. ನನ್ನನ್ನು ನೋಡಿದವಳೇ ಸೆರಗಿನಲ್ಲಿದ್ದ ಸಿಪ್ಪೆ ಕೊಡವಿ ಎದ್ದು ನಿಂತಳು.

"ಬಂದ್ರೇನ್ರಿ ಅಕ್ಕಾರ. ಇವತ್ತರೆ ಪೂರಾ ಕೇಳ್ತೀರೇನು?"

ನಾನು ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದೆ.

"ನಿಮಗ ಅಂದೆ ರೀ."

"ನನ್ನ ಗುರ್ತು ಅದ ಏನು ನಿಮಗ?"

"ಗುರ್ತು ಇರದ ಏನ್ರಿ? ಎಲ್ಲಾ ಕಡೆ ನಮ್ಮ ವಾರಿಗಿ ಹುಡುಗೂರು ಬಂದಿರ್ತಾರ. ನಡುವ ಒಬ್ರು ಸೀರಿ ಉಟ್ಕೊಂಡು, ಹೆಗಲಿಗೆ ಬ್ಯಾಗ್ ಹಾಕ್ಕೊಂಡು, ತುದಿಗಾಲ ಮ್ಯಾಲೆ ಇರ್ತಾರ. ಕಡೀ ಹಾಡು ಅಂತ ನಾ ಅಂದ ಕೂಡ್ಲೆ ಹೊಂಟ ಬಿಡ್ತಾರ. ಬೈಲಹೊಂಗಲದಾಗ ಹಂಗ, ಕಿತ್ತೂರಾಗ ಹಂಗ. ನಾವು ಮೂವರು ನಿಮಗ ಒಂದು ಹೆಸರು ಇಟ್ಟೇವಿ. ಇನ್‌ಸ್ಪೆಕ್ಷನ್ ಬಾಯಾರು ಅಂತ."

ನಾದಿನಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

"ಆ ಹಾಡು ನಿಮಗ ಸೇರಂಗಿಲ್ಲ ಅಂತ ನಾ ತಿಳ್ಕೊಂಡಿದ್ದೆ" ಎಂದಳು ಆಕೆ. ಈಗ ಅವಳೂ ನಗುತ್ತಿರಲಿಲ್ಲ. "ಕಿತ್ತೂರಾಗ ನೀವು ಓಡೂದು ನೋಡಿ ನಾ ಶಬ್ದ ಮರತೆ. ಇಷ್ಟು ಕೆಟ್ಟ ಐತೇನು ಹಾಡು, ಮಂದಿ ಓಡಿ ಹೋಗೂವಷ್ಟು, ಅಂತ ಅನಸ್ತು."

"ಅಯ್ಯ ನಮ್ಮವ್ವಾ, ನಾ ಬಸ್ಸಿಗೆ ಓಡಿದ್ದೆ!"

"ಬಸ್ಸಿಗೆ?"

"ಬೈಲಹೊಂಗಲದ ಕಡೀ ಬಸ್ಸು. ಅದೂ ಸುಡುಗಾಡು ತಡಾ ಬಂತು. ಅಲ್ಲೇ ನಿಂತು ನಿಮ್ಮ ಚಪ್ಪಾಳಿ ಕೇಳಿದೆ. ಬೈಲಹೊಂಗಲದಾಗ ನಮ್ಮತ್ತೀ ಗುಳಿಗಿ ಹೊತ್ತಾಗಿತ್ತು, ಕೇಳ್ರಿ ಬೇಕಾದ್ರ ಇಕೀನ್ನ."

ಆಕೆ ನಾದಿನಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಮತ್ತೆ ಮೆಟ್ಟಿಲ ಮೇಲೆ ಕೂತಳು. ಪಕ್ಕದಲ್ಲಿ ಜಾಗ ತಟ್ಟಿ ತೋರಿಸಿದಳು. ಶೇಂಗಾ ಕೊಟ್ಟಳು.

"ಮತ್ತ ಆಣೆಕಟ್ಟಿನ ಹತ್ರ? ಅವತ್ತೂ ಬಸ್ಸೇನು?"

ಹೌದು ಎಂದುಬಿಡಬಹುದಿತ್ತು. ಶೇಂಗಾದ ಕಾಳು ಬೆರಳಲ್ಲಿ ತಿರುಗಿಸುತ್ತ ಅಂದೆ, "ಇಲ್ಲವಾ. ಅವತ್ತ ನಮ್ಮ ಕಾರ್ ಇತ್ತು. ಅವತ್ತ ನನಗ ಕೇಳ್ಲಿಕ್ಕೆ ಆಗ್ಲಿಲ್ಲ."

ಪಕ್ಕದ ಮನೆಯ ಮಗ್ಗ ನಿಂತು, ನೂಲು ಕಟ್ಟಿಕೊಂಡು, ಮತ್ತೆ ಶುರುವಾಯಿತು.

"ನನಗೂ ಹಾಡಾಕ ಆಗಿದ್ದಿಲ್ರಿ. ಮುಂಜಾನಿಂದ ನಾವು ಮೂವರು ಒಬ್ಬರಿಗೊಬ್ಬರು ಮಾತಾಡಿದ್ದಿಲ್ಲ. ದಪ್ಪ ಗಿಟಾರಿನವಂಗ ಪುಣೆಕ್ಕ ಹೋಗೂದೈತಿ. ಪೆಟ್ಟಿಗಿಯವಂಗ ಬ್ಯಾರೆ ನಮೂನಿ ಬಾರಿಸೂದು ಬೇಕಾಗೇತಿ. ನನಗ ಏನು ಬೇಕಂತ ನನಗ ಗೊತ್ತಿಲ್ಲ. ಎದ್ದು ಹೋದವ್ರು ನೀವೊಬ್ರ ಅಲ್ರಿ ಅವತ್ತ. ಆದ್ರ ನಿಮ್ಮ ಬೆನ್ನು ಒಂದ ಕಾಣ್ತು ನನಗ." ಆಮೇಲೆ ಅಂದಳು, "ಇವತ್ತ ಆ ಹಾಡು ಮೊದಲ ಹಾಡ್ಲೇನು? ನಿಮ್ಮ ಸಲುವಾಗಿ?"

"ಬ್ಯಾಡ. ಅದರ ಜಾಗಾದಾಗ ಅದು ಇರ್ಲಿ. ನಾ ಎಲ್ಲೂ ಹೋಗೂದಿಲ್ಲ."

ಶೆಡ್ಡಿನ ನೆಲದ ಮೇಲೆ ಮಗ್ಗಗಳನ್ನು ಕಿತ್ತ ಗುರುತುಗಳಿದ್ದವು. ಅವುಗಳ ಮೇಲೇ ಜಮಖಾನೆ ಹಾಸಿ ಕೂತೆವು. ಜನ ಬಂದರು, ಓಣಿಯ ಹೆಂಗಸರೂ ಬಂದು ಬಾಗಿಲ ಬಳಿ ನಿಂತರು. ಈ ಸಲ ಪೆಟ್ಟಿಗೆಯ ಬದಲು ಅವನ ಮುಂದೆ ದೊಡ್ಡ ಡ್ರಮ್ಮುಗಳಿದ್ದವು. ತಗಡಿನ ಮಾಡಿಗೆ ಆ ಸದ್ದು ತಾಗಿ ತಿರುಗಿ ಮೈಮೇಲೆ ಬೀಳುತ್ತಿತ್ತು. ಹಳೆಯ ಹಾಡುಗಳನ್ನೇ ಹಾಡಿದರು, ಆದರೆ ಬೇಗ ಬೇಗ, ಬೆನ್ನಿಗೆ ಯಾರೋ ಬಿದ್ದವರ ಹಾಗೆ. ನನಗೆ ಮೊದಲು ಸೇರಲಿಲ್ಲ. ಫ್ರಿಜ್ಜಿನ ಮುಂದಿನ ಹೆಂಗಸಿಗೆ ನಿಲ್ಲಲು ಪುರುಸೊತ್ತೇ ಕೊಡಲಿಲ್ಲ ಇವರು. ಆಮೇಲೆ ಯಾವಾಗಲೋ ಆ ವೇಗ ನನ್ನೊಳಗಿನ ವೇಗಕ್ಕೆ ಹೊಂದಿಕೊಂಡಿತು. ಆಣೆಕಟ್ಟಿನ ಹತ್ತಿರ ಜಗಳವಾಡಿದ ಅದೇ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಣ್ಣಲ್ಲೇ ತಾಳ ಕೊಟ್ಟುಕೊಂಡು ಹಾಡಿದರು. ಬಿಟ್ಟುಹೋಗುವವರು ಹೀಗೆ ಹಾಡುತ್ತಾರೆಯೇ, ಹೀಗೆ ಹಾಡುವವರು ಯಾಕೆ ಬಿಟ್ಟುಹೋಗುತ್ತಾರೆ ಎಂದು ನನಗೆ ಸಂಕಟವಾಯಿತು.

"ಇನ್ನ ಕಡೀ ಹಾಡು ರೀ. ಫೋನ್ ಒಳಗ ಇಡ್ರಿ."

ನಾದಿನಿ ನನ್ನ ಮಣಿಕಟ್ಟು ಹಿಡಿದುಕೊಂಡಳು, ಓಡಿಬಿಟ್ಟೇನೆಂದು.

ಡ್ರಮ್ಮು ಇರಲಿಲ್ಲ. ಗಿಟಾರು ಮತ್ತು ಆಕೆ, ಅಷ್ಟೇ. ಅದು ಸತ್ತವರ ಹಾಡಲ್ಲ, ಬೆಂಕಿಯದೂ ಅಲ್ಲ. ಒಂದು ಹುಡುಗಿಯ ಲಂಗದ ಹಾಡು. ಹೊಲಿಸುವಾಗ ತಾಯಿ ಅಂಚಿನಲ್ಲಿ ಬಟ್ಟೆ ಮಡಿಚಿ ಹೊಲಿಸಿದ್ದಾಳೆ. ಹುಡುಗಿ ಬೆಳೆಯುತ್ತಾಳೆ, ಲಂಗ ಮೋಟಾಗುತ್ತದೆ, ಶಾಲೆಯಲ್ಲಿ ನಗುತ್ತಾರೆ. ತಾಯಿ ಹೊಲಿಗೆ ಬಿಚ್ಚಿ ಒಂದು ಮಡಿಕೆ ಇಳಿಸುತ್ತಾಳೆ. ಮರು ವರ್ಷ ಇನ್ನೊಂದು. ಇಳಿಸಿದಲ್ಲಿ ಬಣ್ಣ ಹೊಸದಾಗಿಯೇ ಇರುತ್ತದೆ. ಅಳಬ್ಯಾಡ, ಇನ್ನೂ ಐತಿ, ಒಳಗ ಇನ್ನೂ ಐತಿ. ಮುಗಿಯಿತು. ಐದಾರು ನಿಮಿಷದ ಹಾಡು.

ನನಗೆ ಮೊದಲು ಅನಿಸಿದ್ದು, ಇಷ್ಟೇಯಾ? ಎಷ್ಟು ತಿಂಗಳು ಎಷ್ಟು ದೊಡ್ಡದು ಕಟ್ಟಿಕೊಂಡಿದ್ದೆ. ನನ್ನ ತಲೆಯಲ್ಲಿದ್ದ ಹಾಡಿನಲ್ಲಿ ಗುಡುಗು ಇತ್ತು. ಚಪ್ಪಾಳೆ ಶುರುವಾಯಿತು, ಎಲ್ಲರೂ ಕೂತೇ ತಟ್ಟುತ್ತಿದ್ದರು, ನಾನೊಬ್ಬಳು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ. ನಾದಿನಿ ನನ್ನ ಸೆರಗು ಜಗ್ಗುತ್ತಿದ್ದಳು. ಬಾಗಿಲ ಬಳಿ ಒಬ್ಬ ಹೆಂಗಸು ತನ್ನ ಪಕ್ಕದವಳಿಗೆ "ನಮ್ಮವ್ವನೂ ಹಂಗ ಮಾಡ್ತಿದ್ದಳು" ಎಂದಳು. ಆಗ ನನ್ನ ಕಣ್ಣಲ್ಲಿ ನೀರು ಬಂತು, ಹಾಡಿಗಲ್ಲ, ಆ ಮಾತಿಗೆ. ಅಥವಾ ಎರಡಕ್ಕೂ.

ಕೊನೆಯಾದ ಮೇಲೆ ಏನು ಮಾಡಬೇಕು ಎನ್ನುವುದು ನನಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ನಾನು ಎಂದೂ ಅಲ್ಲಿ ಇದ್ದವಳಲ್ಲ. ಹುಡುಗರು ಫೋಟೋ ತೆಗೆಸಿಕೊಂಡರು. ಮೂವರೂ ವೈರು ಬಿಚ್ಚತೊಡಗಿದರು. ತಲೆಯೆತ್ತದವನು ಉದ್ದನೆಯ ವೈರೊಂದನ್ನು ಸುತ್ತಲು ಒದ್ದಾಡುತ್ತಿದ್ದ. ನಾನು ಹೋಗಿ ಅದರ ಇನ್ನೊಂದು ತುದಿ ಹಿಡಿದೆ. ಅವನು ತಲೆಯೆತ್ತಿ ನೋಡಿ, "ಥ್ಯಾಂಕ್ಸ್ ರೀ ಬಾಯಾರ" ಎಂದು ಮತ್ತೆ ತಗ್ಗಿಸಿದ. ಅವನು ಸುತ್ತುತ್ತ ಸುತ್ತುತ್ತ ನನ್ನ ತನಕ ಬಂದ, ವೈರು ಮುಗಿಯಿತು.

ಹೊರಡುವಾಗ ಆಕೆಯನ್ನು ಕೇಳಿದೆ, "ಇನ್ನ ಮುಂದ ಯಾವಾಗ?"

"ಗೊತ್ತಿಲ್ರಿ ಅಕ್ಕಾರ. ಖರೇನ ಗೊತ್ತಿಲ್ಲ." ನನ್ನ ಎರಡೂ ಕೈ ಹಿಡಿದುಕೊಂಡಳು. ಬೆರಳ ತುದಿಗಳು ತಂತಿಗೆ ಉಜ್ಜಿ ಗಟ್ಟಿಯಾಗಿದ್ದವು.

ಅದಾದ ಮೇಲೆ ಅವರು ಮೂವರೂ ಕೂಡಿ ಎಲ್ಲಿಯೂ ಹಾಡಿದ ಸುದ್ದಿ ನನಗೆ ಬಂದಿಲ್ಲ. ಕೆಲವು ಸಲ ಫೋನಿನಲ್ಲಿ ನೋಡುತ್ತೇನೆ, ಬೇರೆ ಯಾರು ಯಾರೋ ಹಾಡುತ್ತಿರುತ್ತಾರೆ, ಧಾರವಾಡದಲ್ಲಿ, ಬೆಳಗಾವಿಯಲ್ಲಿ. ಒಂದೆರಡಕ್ಕೆ ಹೋಗಿಯೂ ಬಂದೆ.

ಅಂದು ಯರಗಟ್ಟಿಯಲ್ಲಿ ಬದಲಿಸಿದ ಬಸ್ಸು ಅರ್ಧ ಖಾಲಿಯಿತ್ತು. ಹೊರಗೆ ಇನ್ನೂ ಬೆಳಕು, ಎರಡೂ ಬದಿಗೆ ಕಡಲೆ ಮತ್ತು ಜೋಳದ ಹೊಲ. ನಾದಿನಿ ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ನಾನೂ ಅವಳ ಪಕ್ಕದಲ್ಲಿ ಕೂತಿದ್ದೆ. ಎರಡು ಹಳ್ಳಿ ದಾಟುವುದರೊಳಗೆ ಎದ್ದೆ, ಮೇಲಿನ ಸರಳು ಹಿಡಿದು ನಿಂತೆ. ಕಂಡಕ್ಟರು ಟಿಕೆಟ್ ಯಂತ್ರ ಒರೆಸುತ್ತ ನನ್ನನ್ನೇ ನೋಡಿದ.

"ಕುಂದರ್ರಿ ಅಕ್ಕಾರ, ಬೈಲಹೊಂಗಲ ಇನ್ನೂ ದೂರ ಐತಿ. ಇಷ್ಟು ಸೀಟು ಖಾಲಿ ಅದಾವಲ್ಲ."

"ಇರ್ಲಿ ಬಿಡ್ರಿ" ಎಂದೆ. "ನಿಂತ ಬರ್ತೀನಿ."